ಮಿಣುಕು ದೀಪದ ರವಿವಾರಗಳು

ಕಳೆದ ವಾರ ಗುಂಡಿ ಹುಡುಕಲೆಂದು ನನ್ನ ಹೊಲಿಗೆಯ ಡಬ್ಬಿಯನ್ನು ಚಾಪೆಯ ಮೇಲೆ ಸುರುವಿಕೊಂಡಿದ್ದ ಮೊಮ್ಮಗಳು ಸುಮಿ, ಅದರೊಳಗಿಂದ ಒಂದು ಕಿತ್ತಳೆ ಬಣ್ಣದ ಗಾಜಿನ ಮುಚ್ಚಳವನ್ನು ಎತ್ತಿ ಹಿಡಿದು, "ಆಯೀ, ಇದೇನಿದು? ಉಪ್ಪಿನಕಾಯಿ ಬಡಸೂ ಬಟ್ಟಲೇನು?" ಎಂದು ಕೇಳಿದಳು. ಅವಳ ತಮ್ಮ ಅದನ್ನು ಕಸಿದುಕೊಂಡು ಒಂದು ಕಣ್ಣಿಗೆ ಹಿಡಿದು ನನ್ನನ್ನು ನೋಡಿ, "ಆಯಿ ಕೇಸರಿ ಶಿರಾ ಆಗ್ಯಾಳ!" ಎಂದು ಕೂಗಿದ. ಅದು ಕಾರಿನ ದೀಪದ ಗಾಜು, ಒಮ್ಮೆ ಬೀದಿಯ ಎಮ್ಮೆ ಮೈ ತಿಕ್ಕಿ ಅಂಚು ಸೀಳಿದಾಗ ಹೊಸದನ್ನು ಹಾಕಿಸಿದರು, ಹಳೆಯದನ್ನು ನಾನು ಸೂಜಿಗೆಂದು ಇಟ್ಟುಕೊಂಡೆ ಎಂದೆ. ಯಾವ ಕಾರು, ಯಾರ ಕಾರು, ನಮ್ಮ ಮನೆಯಲ್ಲಿ ಕಾರು ಯಾವಾಗ ಇತ್ತು ಎಂದು ಇಬ್ಬರೂ ಒಟ್ಟಿಗೇ ಮೇಲೆ ಬಿದ್ದರು. ನಾನು ನಕ್ಕು ಒಳಗೆ ಹೋದೆ.

ಮಕ್ಕಳೇ, ನಿಮಗೆ ಗೊತ್ತೇ ಇದೆ, ನನಗೆ ಬಾಯಿಬಿಟ್ಟು ಹೇಳಲು ಬರುವುದಿಲ್ಲ. ಮನೆಗೆ ಬೀಗರು ಬಂದರೆ ಈ ವಯಸ್ಸಿನಲ್ಲೂ ಅಡಿಗೆಮನೆಯಲ್ಲಿ ಇಲ್ಲದ ಕೆಲಸ ಹುಡುಕಿಕೊಂಡು ಕೂಡುತ್ತೇನೆ. ಬರೆಯುವುದಾದರೆ ಅಡ್ಡಿಯಿಲ್ಲ. ಕಾಗದ ನಮ್ಮ ಮುಖ ನೋಡುವುದಿಲ್ಲ, ನಡುವೆ ಬಾಯಿ ಹಾಕುವುದಿಲ್ಲ. ನವಲಗುಂದದ ಕಡೆಯ ನಮ್ಮೂರ ಸಾಲೆಯಲ್ಲಿ ಏಳನೆಯ ಇಯತ್ತೆ ಮುಗಿಸಿ ಮುಲ್ಕಿ ಪರೀಕ್ಷೆ ಪಾಸಾದವಳು ನಾನು. ಅಕ್ಷರ ದುಂಡಗಿವೆ ಎಂದು ಮಾಸ್ತರರು ಹೊಗಳುತ್ತಿದ್ದರು. ಆ ದುಂಡಕ್ಷರಗಳಲ್ಲೇ ಹೇಳಿಬಿಡುತ್ತೇನೆ.

ಕಾರಿಗಿಂತ ಮೊದಲು ಕಂದೀಲಿನ ಮಾತು ಹೇಳಬೇಕು. ನಮ್ಮೂರಿಗೆ ಕರೆಂಟು ಬಂದದ್ದು ನನ್ನ ಮದುವೆಯಾಗಿ ಎಷ್ಟೋ ವರ್ಷಗಳ ಮೇಲೆ. ನಾನು ಹುಡುಗಿಯಾಗಿದ್ದಾಗ ಸಂಜೆ ಸಾಲೆ ಬಿಟ್ಟು ಬಂದರೆ ನನ್ನ ಪಾಲಿನ ಕೆಲಸ ಮನೆಯ ಮೂರು ಕಂದೀಲುಗಳ ಗಾಜು ಒರೆಸುವುದು. ಒಲೆಯ ಬೂದಿಯನ್ನು ಅರಿವೆಯಲ್ಲಿ ಸೋಸಿಕೊಂಡು, ಗಾಜಿನ ಹೊಟ್ಟೆಯೊಳಗೆ ಕೈ ತೂರಿಸಿ ತಿಕ್ಕುವುದು. ಮನೆಯಲ್ಲಿ ಅಷ್ಟು ಸಣ್ಣ ಕೈ ನನ್ನದೊಂದೇ ಇತ್ತು. ಅದೊಂದು ವಿಷಯದಲ್ಲಿ ನನಗೆ ಭಾರಿ ಜಂಬ. ಅಮಾವಾಸ್ಯೆಯ ದಿನ ಇನ್ನೂ ಒಂದು ಕೆಲಸ ಹೆಚ್ಚಿಗೆ ಇರುತ್ತಿತ್ತು. ಅವತ್ತು ಮನೆಯಲ್ಲಿರುವ ಎಲ್ಲ ದೀಪಗಳನ್ನೂ ಬಿಚ್ಚಿ ತೊಳೆದು, ವಿಭೂತಿ ಹಚ್ಚಿ, ಬುಡಕ್ಕೆ ಒಂದು ಹನಿ ಕುಸುಬಿ ಎಣ್ಣೆ ಬಿಟ್ಟು ಕೈಮುಗಿಯಬೇಕು. ಕಂದೀಲು ಉರಿಯುವುದು ಚಿಮಣಿ ಎಣ್ಣೆಯಿಂದ, ಆದರೂ ಅದಕ್ಕೂ ಒಂದು ಹನಿ ಕುಸುಬಿ ಎಣ್ಣೆ. ಯಾಕೆಂದು ಒಮ್ಮೆ ಕೇಳಿದ್ದಕ್ಕೆ ನಮ್ಮವ್ವ, "ದೀಪಕ್ಕ ಹಸಿವಿ ಆಗಬಾರದವಾ" ಎಂದಿದ್ದಳು. ಎಷ್ಟು ಸರಿಯಾದ ಮಾತು ಎಂದು ನನಗೆ ಅನಿಸಿತ್ತು. ಈಗಲೂ ಅನಿಸುತ್ತದೆ, ಆದರೆ ಎಲ್ಲ ದೀಪಗಳ ವಿಷಯದಲ್ಲಿ ಅಲ್ಲ.

ಅರವತ್ತರ ಆಚೀಚೆ ನಾನು ಮದುವೆಯಾಗಿ ಹುಬ್ಬಳ್ಳಿಯ ದೇಶಪಾಂಡೆ ನಗರದ ಮನೆಗೆ ಬಂದೆ. ಮನೆಯಲ್ಲಿ ಇದ್ದವರು ನಾಲ್ಕೇ ಜನ. ಮಾವನವರು ವಕೀಲರು. ಅತ್ತೆ ಮನೆಯ ಯಜಮಾನಿ. ಮಾತು ಚುರುಕು, ಕೈ ಅದಕ್ಕಿಂತ ಚುರುಕು. ನಿಮ್ಮ ಅಜ್ಜ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದರು. ನಾಲ್ಕನೆಯವಳು ನಾನು. ಮೈದುನ ಚಂದ್ರು ಧಾರವಾಡದ ಹಾಸ್ಟೆಲಿನಲ್ಲಿದ್ದುಕೊಂಡು ಕಾಲೇಜು ಓದುತ್ತಿದ್ದ.

ಮಾವನವರ ಎದುರಿಗೆ ಸೊಸೆ ಮಾತಾಡುವ ವಾಡಿಕೆ ಆಗ ಇರಲಿಲ್ಲ. ಬೇಡವೆಂದು ಯಾರೂ ಹೇಳಿರಲಿಲ್ಲ, ಆದರೆ ಬೇಕೆಂದೂ ಯಾರೂ ಹೇಳಿರಲಿಲ್ಲ. ನನ್ನಂಥವಳಿಗೆ ಅಷ್ಟೇ ಸಾಕಿತ್ತು. ಚಹಾ ಆಯಿತು ಎನ್ನಲು ಬಾಗಿಲ ಚೌಕಟ್ಟಿಗೆ ಒಂದು ಸಲ ಬಳೆ ತಾಗಿಸುತ್ತಿದ್ದೆ. ಊಟಕ್ಕೆ ಎರಡು ಸಲ. ಒಮ್ಮೆ ಅಂಚೆಯವ ಬಂದಾಗ ಏನು ಮಾಡಬೇಕೆಂದು ತಿಳಿಯದೆ ಬಳೆ ಬಡಿದೇ ಬಡಿದೆ. ಮಾವನವರು ಲಗುಬಗೆಯಿಂದ ಕೈಕಾಲು ತೊಳೆದು ಬಂದು ಮಣೆಯ ಮೇಲೆ ಕುಳಿತುಬಿಟ್ಟರು. ಗಂಟೆ ಆಗ ಬೆಳಗಿನ ಒಂಬತ್ತೂವರೆ.

ಇವರೂ, ಅಂದರೆ ನಿಮ್ಮ ಅಜ್ಜ, ಅಷ್ಟೇ. ಹಿರಿಯರ ಮುಂದೆ ನನ್ನ ಜೊತೆ ಮಾತಾಡುತ್ತಿರಲಿಲ್ಲ. ನೀರು ಬೇಕಾದರೆ ಗೋಡೆಯ ಕ್ಯಾಲೆಂಡರಿಗೆ, "ನೀರು ಬೇಕಾಗಿತ್ತು" ಎಂದು ಹೇಳುತ್ತಿದ್ದರು. ಇನ್ನು ನಮ್ಮ ಕೋಣೆಗೂ ಮಾವನವರ ಕೋಣೆಗೂ ನಡುವೆ ಇದ್ದದ್ದು ಬರಿಯ ಹಲಗೆಯ ಅಡ್ಡಗೋಡೆ. ಅತ್ತ ಅವರು ಕೆಮ್ಮಿದರೆ ಇತ್ತ ಮೊಳೆಗೆ ಹಾಕಿದ ಕೋಟು ಅಲುಗಾಡುತ್ತಿತ್ತು. ಅಂಥಲ್ಲಿ ಪಿಸುಮಾತು ಕೂಡ ಎಲ್ಲರ ಸೊತ್ತು. ಮದುವೆಯಾಗಿ ಐದು ತಿಂಗಳಾದರೂ ನಿಮ್ಮ ಅಜ್ಜನಿಗೆ ಹೀರೇಕಾಯಿ ಸೇರುವುದಿಲ್ಲ ಎನ್ನುವುದು ನನಗೆ ಗೊತ್ತಿರಲಿಲ್ಲ. ವಾರಕ್ಕೆರಡು ಸಲ ಮಾಡಿ ಬಡಿಸುತ್ತಿದ್ದೆ. ಅವರು ತಿನ್ನುತ್ತಿದ್ದರು.

ಅಷ್ಟರಲ್ಲಿ ಕಾರು ಬಂತು. ಮಾವನವರ ಗೆಳೆಯರಾದ ಒಬ್ಬ ಡಾಕ್ಟರು ಊರು ಬಿಡುವಾಗ ತಮ್ಮ ಹಳೆಯ ಕರಿ ಕಾರನ್ನು ಅವರಿಗೆ ಕೊಟ್ಟು ಹೋದರು. ಗುಂಡು ಗುಂಡಾದ ಬೆನ್ನು, ದಪ್ಪ ಮಡ್‌ಗಾರ್ಡು. ಅಂಗಳದಲ್ಲಿ ನಿಂತರೆ ಕೆರೆಯಿಂದ ಎದ್ದು ಬಂದ ಎಮ್ಮೆಯ ಹಾಗೆ ಮಿರಿಮಿರಿ ಮಿಂಚುತ್ತಿತ್ತು. ಮುಂದಿನ ಎರಡು ಮಡ್‌ಗಾರ್ಡುಗಳ ಮೇಲೆ ಒಂದೊಂದು ಸಣ್ಣ ಕಿತ್ತಳೆ ದೀಪ. ಎಡಕ್ಕೆ ಹೊರಳುವಾಗ ಎಡಗಡೆಯದು, ಬಲಕ್ಕೆ ಹೊರಳುವಾಗ ಬಲಗಡೆಯದು ಕಣ್ಣು ಮಿಟುಕಿಸಬೇಕು. ಒಳಗಡೆ ಟಿಕ್ ಟಿಕ್ ಎಂದು ಸದ್ದು ಬರಬೇಕು. ಇಡೀ ಗಾಡಿಯಲ್ಲಿ ನನಗೆ ಮನಸ್ಸಿಗೆ ಬಂದದ್ದು ಆ ಎರಡು ದೀಪಗಳೇ. ತಾನೇ ಹತ್ತಿ, ತಾನೇ ಆರಿ, ಮತ್ತೆ ತಾನೇ ಹತ್ತುವ ದೀಪವನ್ನು ನಾನು ಅಲ್ಲಿಯತನಕ ಕಂಡಿರಲಿಲ್ಲ.

ಮಾವನವರಿಗೆ ಗಾಡಿ ಹೊಡೆಯಲು ಬರುತ್ತಿರಲಿಲ್ಲ. ನಿಮ್ಮ ಅಜ್ಜ ಕಲಿತರು. ರವಿವಾರ ಬೆಳಿಗ್ಗೆ ಧಾರವಾಡಕ್ಕೆ ಹೋಗಿ ಚಂದ್ರುಗೆ ಬುತ್ತಿ ಮುಟ್ಟಿಸಿ ಬರುವುದು ಎಂದು ನಿಗದಿಯಾಯಿತು. ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿ, ಗಟ್ಟಿ ಮೊಸರು, ಒಂದು ಡಬ್ಬಿ ಉಂಡಿ. ಮೊಸರಿನ ಗಡಿಗೆ ಹೊಯ್ದಾಡದಂತೆ ಹಿಡಿಯಲು ಒಬ್ಬರು ಬೇಕಲ್ಲ, ಸೊಸೆ ಹೋಗಲಿ ಎಂದು ಅತ್ತೆಯೇ ತೀರ್ಮಾನ ಮಾಡಿದರು. ಆ ಮೊಸರಿಗೆ ನಾನು ಜನ್ಮವಿಡೀ ಋಣಿ.

ಮನೆಯಿಂದ ಹೊರಡುವಾಗ ನಾನು ಹಿಂದಿನ ಸೀಟಿನಲ್ಲಿ ಗಡಿಗೆ ತಬ್ಬಿಕೊಂಡು, ತಲೆಯ ಮೇಲೆ ಸೆರಗು ಎಳೆದುಕೊಂಡು ಕೂಡುತ್ತಿದ್ದೆ. ವಿದ್ಯಾನಗರದ ಮನೆಗಳು ಮುಗಿದು ಬಯಲು ಬಂದ ಕೂಡಲೆ ಇವರು ಎಡಗಡೆಯ ದೀಪ ಹಾಕುತ್ತಿದ್ದರು. ಟಿಕ್ ಟಿಕ್ ಎನ್ನುತ್ತ ಗಾಡಿ ರಸ್ತೆಯ ಎಡಕ್ಕೆ ಸರಿದು ನಿಲ್ಲುತ್ತಿತ್ತು. ನಾನು ಇಳಿದು ಮುಂದಿನ ಸೀಟಿಗೆ ಬರುತ್ತಿದ್ದೆ. ಅಲ್ಲಿಂದ ಧಾರವಾಡದತನಕ ನಾವು ಗಂಡ ಹೆಂಡತಿ.

ಎದುರಾಬದುರು ಕೂತರೆ ನನಗೆ ಮಾತು ಹೊರಡುತ್ತಿರಲಿಲ್ಲ. ಇಬ್ಬರೂ ಒಂದೇ ದಿಕ್ಕಿಗೆ ನೋಡುತ್ತ ಕೂತರೆ ನಾಚಿಕೆ ಅರ್ಧಕ್ಕರ್ಧ ಕಡಿಮೆಯಾಗುತ್ತದೆ. ಇದನ್ನು ನೀವೂ ಪರೀಕ್ಷೆ ಮಾಡಿ ನೋಡಿ. ಅವರು ರಸ್ತೆ ಬಿಟ್ಟು ಕಣ್ಣು ತೆಗೆಯುವಂತಿರಲಿಲ್ಲ. ನಾನು ಹೊಲಗಳನ್ನು ನೋಡುತ್ತ ಮಾತಾಡುತ್ತಿದ್ದೆ. ಹೀರೇಕಾಯಿಯ ಸಂಗತಿ ಹೊರಬಿದ್ದದ್ದು ಅಲ್ಲಿ. ಅವರಿಗೆ ಹಾರ್ಮೋನಿಯಂ ಕಲಿಯುವ ಆಸೆ ಇತ್ತು, ಮಾವನವರು ಗದರಿಸಿದ್ದಕ್ಕೆ ಬಿಟ್ಟರು ಎಂದು ತಿಳಿದದ್ದು ಅಲ್ಲಿ. ಗಣಿತದಲ್ಲಿ ನಾನು ವರ್ಗಕ್ಕೇ ಮೊದಲಿಗಳಾಗಿದ್ದೆ ಎಂದಾಗ ಅವರು ಗಾಡಿ ನಿಧಾನ ಮಾಡಿ ಹದಿನೇಳರ ಮಗ್ಗಿ ಕೇಳಿದರು. ಹೇಳಿದೆ. "ನನಗಿಂತ ಲಗೂ ಹೇಳ್ತೀಯಲ್ಲ!" ಎಂದು ನಕ್ಕರು. ವಾರವಿಡೀ ನಾನು ಆ ನಗುವಿನ ಮೇಲೆ ರೊಟ್ಟಿ ಬಡಿದೆ.

ರವಿವಾರ ಹೊರಡುವ ಮುಂಚೆ ಮಾವನವರ ತಪಾಸಣೆ ಆಗಬೇಕಿತ್ತು. ಅವರು ಬೆತ್ತ ಹಿಡಿದು ಗಾಡಿಯ ಎದುರಿಗೆ ನಿಂತು, "ಬಲ!" ಎನ್ನುವರು. ಬಲಗಡೆಯ ದೀಪ ಮಿಟುಕುವುದು. "ಎಡ!" ಎನ್ನುವರು. ಎಡಗಡೆಯದು ಮಿಟುಕುವುದು. ಆಮೇಲೆ ಬೆತ್ತ ಸರಿಸಿ ದಾರಿ ಕೊಡುವರು. ಮಳೆಗಾಲ ಮುಗಿಯುತ್ತಿದ್ದ ಒಂದು ರವಿವಾರ ಎಡಗಡೆಯದು ಮಿಟುಕಲಿಲ್ಲ.

"ಎಡ ಹಾಕು ಅಂದ್ನಿ."

"ಹಾಕೇನ್ರಿ ಅಪ್ಪಾ."

"ಎಲ್ಲಿ ಹಾಕೀ? ಸತ್ತಂಗ ಕುಂತೈತಿ."

ಒಳಗೆ ಟಿಕ್ ಎಂದು ಒಮ್ಮೆ ಸದ್ದಾಗಿ ನಿಂತುಹೋಯಿತು. ಹಿಂದುಗಡೆಯ ಎಡ ದೀಪ ಹತ್ತಿದ್ದು ಆರಲೇ ಇಲ್ಲ. ಮುಂದಿನದು ಕಣ್ಣೇ ಬಿಡಲಿಲ್ಲ.

"ಇವತ್ತೊಂದಿನ ಕೈ ಹೊರಗ ಮಾಡಿ ತೋರಸ್ತೇನ್ರಿ," ಎಂದರು ಇವರು.

"ಕೈ ಚಕ್ಕಡಿಯವ್ರು ತೋರಸ್ತಾರ. ದೀಪಾ ಇದ್ದ ಗಾಡ್ಯಾಗ ದೀಪಾ ಹತ್ತಬೇಕು. ನಾಳೆ ಯಾರಿಗರೆ ಹಾಯ್ದ್ರ, ವಕೀಲನ ಗಾಡೀನ ಕಾಯದೆ ಮುರೀತು ಅಂತ ಕೋರ್ಟಿನ್ಯಾಗ ನಗತಾರ. ದೀಪಾ ಹತ್ತೂತನಾ ಗಾಡಿ ಗೇಟು ದಾಟೂದಿಲ್ಲ."

"ಮತ್ತ ಬುತ್ತಿ?" ಅತ್ತೆ ಬಾಗಿಲಿಂದ ಕೇಳಿದರು.

"ಇವ ಬಸ್ಸಿಗೆ ಒಯ್ಯಲಿ."

"ಸೊಸಿ?"

"ಬಸ್ಸಿನ್ಯಾಗ ಒಂದ್ ಗಡಿಗಿ ಹಿಡ್ಯಾಕ ಇಬ್ರು ಬೇಕೇನು?"

ನಾನು ಗಡಿಗೆ ಇಳಿಸಿ ಒಳಗೆ ಹೋದೆ. ಅವತ್ತು ಹಿಟ್ಟು ನಾದಿದ್ದು ಅತಿಯಾಗಿ ರೊಟ್ಟಿ ಹರಿದವು.

ಮರುದಿನ ನಿಮ್ಮ ಅಜ್ಜ ತಮ್ಮ ವಿಜ್ಞಾನ ಹೊರಗೆ ತೆಗೆದರು. ಎಡಗಡೆಯ ಬಲ್ಬನ್ನು ಬಲಕ್ಕೆ ಹಾಕಿದರು, ಚೆಂದ ಮಿಟುಕಿತು. ಬಲಗಡೆಯದನ್ನು ಎಡಕ್ಕೆ ಹಾಕಿದರು, ಕುರುಡು. ಬಲಗಡೆಯ ಗಾಜಿನ ಸ್ಕ್ರೂ ತುಕ್ಕು ಹಿಡಿದು ಕೂತಿತ್ತು. ಅದನ್ನು ತೆಗೆಯಲು ಅವರಿಗೆ ಇಕ್ಕಳ ಹಿಡಿದು ಅರ್ಧ ತಾಸು ಹಿಡಿಯಿತು. ಎಡಗಡೆಯದಕ್ಕೆ ಸ್ಕ್ರೂವೇ ಇರಲಿಲ್ಲ, ಒತ್ತಿ ಕೂಡಿಸಿದ್ದರು, ಕೈಯಿಂದ ಎಳೆದರೆ ಬರುತ್ತಿತ್ತು. "ಬಲ್ಬು ನಿರ್ದೋಷಿ," ಎಂದು ಮಾವನವರು ಕುರ್ಚಿಯಲ್ಲಿ ಕೂತೇ ತೀರ್ಪು ಕೊಟ್ಟರು. ಬಲ್ಬು ಬಿಚ್ಚುವಾಗ ಇವರ ಕೈಗೆ ಜಿಡ್ಡು ಹತ್ತಿತು. ಗಾಡಿ ಎಂದ ಮೇಲೆ ಜಿಡ್ಡು ಇರುವುದೇ ಎಂದು ಒರೆಸಿಕೊಂಡರು. ಕೈ ಒರೆಸಿಕೊಳ್ಳಲು ಅರಿವೆ ಕೊಟ್ಟವಳು ನಾನೇ.

ಕಡೆಗೆ ಗಾಡಿ ಹುಸೇನ್ ಮಿಸ್ತ್ರಿಯವರ ಕಡೆಗೆ ಹೋಯಿತು. ಗೋಕುಲ ರಸ್ತೆಯ ಬದಿಗೆ ಅವರ ಗ್ಯಾರೇಜು. ಗಾಡಿಗಳ ಜೊತೆಗೆ ಮಾತಾಡುತ್ತ ಕೆಲಸ ಮಾಡುವ ಮನುಷ್ಯ, ಮನುಷ್ಯರ ಜೊತೆಗೂ ಅಷ್ಟೇ ಪ್ರೀತಿಯಿಂದ ಮಾತಾಡುತ್ತಿದ್ದರು. ಒಂದು ಸಣ್ಣ ಬಲ್ಬಿಗೆ ಎರಡು ವಾಯರು ಕಟ್ಟಿಕೊಂಡು ಅಲ್ಲಿ ಇಲ್ಲಿ ಮುಟ್ಟಿಸಿ ನೋಡಿ ಅವರು ಹೇಳಿದ್ದನ್ನು ಇವರು ಊಟದ ಹೊತ್ತಿಗೆ ಅತ್ತೆಗೆ ಹೇಳಿದರು. ಅಂದರೆ ನನಗೆ ಕೇಳುವಂತೆ ಹೇಳಿದರು. "ಕರೆಂಟು ಬಲ್ಬಿನತನಾ ಛಲೋ ಬರ್ತೈತಂತ ಅವ್ವಾ. ಹೊಳ್ಳಿ ಹೋಗಾಕ ದಾರಿ ಸಿಗೂದಿಲ್ಲಂತ. ಹೋದ ಕರೆಂಟು ತಿರುಗಿ ಬ್ಯಾಟರಿಗೆ ಬರಬೇಕು, ತವರಮನಿಗೆ ಹೋದ ಹೆಣ್ಮಗಳು ಬಂದಂಗ, ಅಂದ್ರು ಮಿಸ್ತ್ರಿ." ಹೋಲ್ಡರಿನ ಒಳಗೆ ಏನೋ ಹೊಲಸು ಕೂತಿತ್ತು, ಕೆರೆದು ತೆಗೆದು ಕೊಟ್ಟರು. ಕೈತುಂಬ ಕೆಲಸದ ಮನುಷ್ಯರಾದ್ದರಿಂದ ಹತ್ತು ದಿನ ಹಿಡಿಯಿತು. ಎರಡು ರವಿವಾರ ಹೋದವು. ಮೂರನೆಯ ರವಿವಾರ ನಾವು ಮತ್ತೆ ಧಾರವಾಡದ ರಸ್ತೆಯಲ್ಲಿದ್ದೆವು.

ಮುಂದಿನ ತಿಂಗಳು ಮತ್ತೆ ಅದೇ ದೀಪ ಸತ್ತಿತು. ಮಿಸ್ತ್ರಿ ಹೊಸ ವಾಯರು ಎಳೆದರು. ಅದರ ಮುಂದಿನ ತಿಂಗಳು ಮತ್ತೆ. ಈ ಸಲ ಟಿಕ್ ಟಿಕ್ ಎನ್ನುವ ಡಬ್ಬಿಯನ್ನೇ ಬದಲಿಸಿದರು. ಪ್ರತಿ ಸಲವೂ ಹೋಲ್ಡರು ಕೆರೆಯುತ್ತಿದ್ದರಾದ್ದರಿಂದ ದೀಪ ಹತ್ತುತ್ತಿತ್ತು. ಹತ್ತಿದ್ದು ಹೊಸ ವಾಯರಿನಿಂದ, ಹೊಸ ಡಬ್ಬಿಯಿಂದ ಎಂದು ಎಲ್ಲರೂ ತಿಳಿದುಕೊಂಡರು. ಮೂರನೆಯ ಸಲ ಹುಸೇನ್ ಮಿಸ್ತ್ರಿಯವರು ಇವರಿಗೆ ಒಂದು ಮಾತು ಹೇಳಿದರಂತೆ: "ಮಾಸ್ತರ್ರ, ನಾ ಒಂದ್ ನೋಡೇನ್ರಿ. ನಾವು ಚಾಂದ್ ನೋಡಿದ ಮರುದಿನಾನ ನಿಮ್ಮ ಗಾಡಿ ನಮ್ಮ ಬಾಗಲಕ್ಕ ಬರ್ತೈತಿ. ಮೂರ್ ತಿಂಗಳಾತು, ಒಂದ್ಸಲಾನೂ ತಪ್ಪಿಲ್ಲ."

ಇದನ್ನು ಕೇಳಿದ ಅತ್ತೆ ಕೈಯಲ್ಲಿದ್ದ ಲಟ್ಟಣಿಗೆ ಕೆಳಗಿಟ್ಟರು. "ಚಂದ್ರ ಕಾಣೂದಂದ್ರ ಹಿಂದಿನ ದಿನಾ ಅಮಾಸಿ! ನಾ ಮೊದಲ ಅಂದಿದ್ದೆ, ಗಾಡಿಗೆ ದೃಷ್ಟಿ ತಾಗೇತಿ ಅಂತ. ಎಲ್ಲಾರೂ ನಕ್ರಿ. ಸೊಸಿ, ಈ ಅಮಾಸಿಗೆ ಗಾಡಿ ಪೂಜಿ ಜೋರಾಗಲಿ."

ಈಗ ನಿಮಗೆ ತಿಳಿದಿರಬೇಕು. ತಿಳಿದು ನಗುತ್ತಲೂ ಇರಬೇಕು. ಅಮಾವಾಸ್ಯೆಗೆ ಗಾಡಿಯ ಪೂಜೆ ನನ್ನ ಪಾಲಿಗೆ ಬಂದಿತ್ತು. ತೊಳೆದು, ಕುಂಕುಮ ಹಚ್ಚಿ, ಆರತಿ ಬೆಳಗು ಎಂದಷ್ಟೇ ಅತ್ತೆ ಹೇಳಿದ್ದರು. ಅಷ್ಟಕ್ಕೆ ಬಿಟ್ಟರೆ ನಮ್ಮವ್ವನ ಮಗಳು ಹೇಗಾದೇನು? ಮೊದಲ ತಿಂಗಳುಗಳಲ್ಲಿ ಹೊರಗಿನಿಂದಲೇ ಕೈಮುಗಿಯುತ್ತಿದ್ದೆ. ಒಂದು ಅಮಾವಾಸ್ಯೆಗೆ ಗಾಜು ಒರೆಸುವಾಗ ಎಡಗಡೆಯದು ಕೈಯಲ್ಲೇ ಬಂತು. ಬಂದದ್ದನ್ನು ಬೂದಿಯಿಂದ ಬೆಳಗಿದೆ, ಬಲ್ಬು ತಿರುವಿ ತೆಗೆದೆ, ಅದರ ಬುಡದ ಹಿತ್ತಾಳೆಯ ಗೂಡಿಗೆ ವಿಭೂತಿ ಹಚ್ಚಿ ಒಂದು ಹನಿ ಕುಸುಬಿ ಎಣ್ಣೆ ಬಿಟ್ಟೆ, ಎಲ್ಲವನ್ನೂ ಇದ್ದ ಹಾಗೆ ಕೂಡಿಸಿ ಕೈಮುಗಿದೆ. ಅಂದಿನಿಂದ ತಿಂಗಳಿಗೊಮ್ಮೆ ಅದೇ ಸೇವೆ. ಬಲಗಡೆಯದು ಬಿಚ್ಚಲು ಬಾರದ್ದಕ್ಕೆ, ಪಾಪ ಅದಕ್ಕೆ ಅನ್ಯಾಯವಾಯಿತಲ್ಲ ಎಂದು ಮನಸ್ಸಿಗೆ ಹತ್ತಿತ್ತು ಕೂಡ. ದೀಪ ಕೆಟ್ಟದ್ದಕ್ಕೂ ನನ್ನ ಎಣ್ಣೆಗೂ ಸಂಬಂಧ ಇರಬಹುದೆಂದು ನನ್ನ ಮುಲ್ಕಿ ಪರೀಕ್ಷೆಯ ತಲೆಗೆ ಹೊಳೆಯಲೇ ಇಲ್ಲ. ದೀಪ ಕೆಟ್ಟಷ್ಟೂ ನನ್ನ ಭಕ್ತಿ ಹೆಚ್ಚಾಯಿತು. ಪೂಜೆ ಜೋರಾಗಲಿ ಎಂದು ಅತ್ತೆ ಹೇಳಿದ ಆ ಅಮಾವಾಸ್ಯೆಗೆ ನಾನು ಒಂದು ಹನಿಯ ಬದಲು ಒಂದು ಚಮಚೆ ಸುರಿದೆ.

ದೀಪ ಮರುದಿನವೇ ಸತ್ತಿತು. ಮಾವನವರು ಗುಡುಗಲಿಲ್ಲ, ಅದೇ ಹೆದರಿಕೆಯಾದದ್ದು. "ಗದಗಿನ ಸಾವಕಾರ್ರು ಗಾಡಿ ಬೇಕಂದಿದ್ರು. ಶನಿವಾರ ಬಂದು ನೋಡ್ಕೊಂಡು ಒಯ್ಯಲಿ," ಎಂದು ಊಟದ ನಡುವೆ ಮೆಲ್ಲಗೆ ಹೇಳಿ ಮಜ್ಜಿಗೆ ಹಾಕಿಸಿಕೊಂಡರು. ಇವರು ಕ್ಯಾಲೆಂಡರಿನ ಕಡೆಗೆ ನೋಡಿದರು, ನೀರು ಕೇಳಲಿಲ್ಲ. ನಾನು ಹಿತ್ತಲಿಗೆ ಹೋಗಿ ಬಾವಿಯಿಂದ ಬೇಡದ ನೀರು ಸೇದಿದೆ. ಗಾಡಿ ಹೋದರೆ ರವಿವಾರ ಹೋಯಿತು. ರವಿವಾರ ಹೋದರೆ ಮತ್ತೆ ಹಲಗೆಯ ಗೋಡೆ, ಗೋಡೆಯ ಕ್ಯಾಲೆಂಡರು, ಮಾತಿಲ್ಲದ ಹೀರೇಕಾಯಿ.

ಶನಿವಾರ ಬೆಳಿಗ್ಗೆ ಗದಗಿನ ಸಾವಕಾರರು ಬಂದರು. ಹತ್ತಿಯ ವ್ಯಾಪಾರದವರು, ತಲೆಗೆ ಸುತ್ತಿದ ದೊಡ್ಡ ಪಟಗ, ದೊಡ್ಡ ನಗೆ. ದೋಷ ಮುಚ್ಚಿಟ್ಟು ಮಾರುವುದು ಮಾವನವರಿಗೆ ಆಗದ ಮಾತು. ಅದಕ್ಕೆ ಹುಸೇನ್ ಮಿಸ್ತ್ರಿಯವರನ್ನೂ ಕರೆಸಿ, "ಇವರ ಮುಂದ ಬಿಚ್ಚಿ ತೋರಸ್ರಿ ಮಿಸ್ತ್ರೀ, ಏನ್ ರೋಗ ಐತಿ ನೋಡ್ಲಿ," ಎಂದರು. ಇವರು ಬಾನೆಟ್ಟಿನ ಬಳಿ ತಲೆ ತಗ್ಗಿಸಿ ನಿಂತಿದ್ದರು. ನಾನು ಅಡಿಗೆಮನೆಯ ಕಿಟಕಿಯಲ್ಲಿ.

ಮಿಸ್ತ್ರಿ ಗಾಜು ತೆಗೆದು, ಬಲ್ಬು ತೆಗೆದು, ಗೂಡಿನೊಳಗೆ ಸ್ಕ್ರೂಡ್ರೈವರಿನ ತುದಿ ಆಡಿಸಿದರು. ತುದಿಗೆ ಕಂದು ಬಣ್ಣದ ಅಂಟು ಎಳೆ ಎಳೆಯಾಗಿ ಬಂತು. "ನೋಡ್ರಿ ಸಾಹೇಬ್ರ. ನಾ ಪ್ರತಿ ಸಲ ಕೆರದೇನಿ. ಮತ್ತ ಬೆಳೀತೈತಿ. ಒಳಗ ಅರಗಿನಂಗ ಗಟ್ಟಿ ಆಗೇತಿ, ಸ್ಪ್ರಿಂಗು ಅಲಗೂದಿಲ್ಲ. ಮ್ಯಾಲ ಈಗ ಬೆಲ್ಲದ ಪಾಕಿನಂಗ." ಮೂಗಿನ ಹತ್ತಿರ ಹಿಡಿದರು. "ಇದು ಮಶೀನಿನ ಎಣ್ಣಿ ಅಲ್ರಿ. ಎಲ್ಲಿಂದ ಬರ್ತೈತೋ ಖುದಾಗ ಗೊತ್ತು. ಇಪ್ಪತ್ತು ವರ್ಷದಾಗ ಇದ ಮೊದಲನೇ ಸಲ ಹೇಳಾಕತ್ತೇನಿ, ನನಗ ತಿಳೀವಲ್ದು."

ನನ್ನ ಪಕ್ಕದಲ್ಲೇ ಕುಸುಬಿ ಎಣ್ಣೆಯ ಭರಣಿ ಇತ್ತು. ಅದರ ಬಾಯಿಯ ಸುತ್ತ ಸೋರಿದ ಎಣ್ಣೆ ಒಣಗಿ, ಕಂದು ಬಣ್ಣದ ಅಂಟಾಗಿ, ಅರಗಿನ ಹಾಗೆ ಗಟ್ಟಿಯಾಗಿ ಕೂತಿತ್ತು. ಕುಸುಬಿ ಎಣ್ಣೆಯ ಗುಣವೇ ಅದು. ಗಾಳಿಗೆ ಬಿಟ್ಟರೆ ಅಂಟಾಗುತ್ತದೆ. ಆ ಭರಣಿಯನ್ನು ನಾನು ದಿನಾ ನೋಡುತ್ತಿದ್ದೆ. ಅವತ್ತು ಕಂಡೆ.

ಅಂಗಳದಲ್ಲಿ ಮಾವನವರು ಎದ್ದು ನಿಂತಿದ್ದರು. "ಆತ್ ಬಿಡ್ರಿ. ಸಾವಕಾರ್ರ, ರೋಗ ಇಂಥಾದೈತಿ ನೋಡ್ರಿ. ಒಪ್ಪಿಗಿ ಇದ್ರ…"

ನಾನು ನಡುಮನೆ ದಾಟಿ ತಲೆಬಾಗಿಲಿಗೆ ಬಂದೆ. ರೂಢಿಯಂತೆ ಚೌಕಟ್ಟಿಗೆ ಬಳೆ ತಾಗಿಸಿದೆ.

"ಚಹಾ ಆತಂತ, ಬರ್ರಿ ಸಾವಕಾರ್ರ," ಎಂದರು ಮಾವನವರು, ಹೊರಳಿ ನೋಡದೆ.

ಮತ್ತೆ ಬಡಿದೆ, ಎರಡು ಸಲ.

"ಊಟಾನೂ ಆತೇನ? ಇಷ್ಟ್ ಲಗೂ?"

ಇನ್ನು ಬಳೆಯಿಂದ ಆಗುವ ಕೆಲಸವಲ್ಲ ಎಂದು ತಿಳಿಯಿತು. ಚೌಕಟ್ಟನ್ನು ಗಟ್ಟಿಯಾಗಿ ಹಿಡಿದುಕೊಂಡು, ಮಾವನವರ ಚಪ್ಪಲಿಯನ್ನು ನೋಡುತ್ತ ಹೇಳಿದೆ: "ಎಣ್ಣಿ ನಾನ ಹಾಕೇನ್ರಿ."

ಅಂಗಳದಲ್ಲಿದ್ದ ನಾಲ್ಕೂ ಗಂಡಸರು ನನ್ನ ಕಡೆಗೆ ಹೊರಳಿದರು. ಅತ್ತೆ ಒಳಗಿನಿಂದ ಓಡಿ ಬಂದರು. ಮಾವನವರು ನನ್ನ ದನಿಯನ್ನು ಮೊದಲ ಬಾರಿ ಕೇಳಿದ್ದು ಅದು. ಅವರೊಳಗಿನ ವಕೀಲ ಎಚ್ಚರಾದ.

"ಯಾವ ಎಣ್ಣಿ?"

"ಕುಸುಬಿದ್ರಿ."

"ಎಷ್ಟು?"

"ಮೊದಲ ಒಂದೊಂದ ಹನಿ ಹಾಕ್ತಿದ್ನಿರಿ. ಈ ಸಲ ಒಂದ್ ಚಮಚೆ."

"ಯಾವಾಗ?"

"ಅಮಾಸಿಗೊಮ್ಮೆ."

"ಯಾಕ?"

ಇದಕ್ಕೆ ಉತ್ತರ ಹೇಳುವುದು ಎಲ್ಲಕ್ಕಿಂತ ಕಷ್ಟವಾಯಿತು. "ದೀಪಕ್ಕ… ಹಸಿವಿ ಆಗಬಾರದಂತ್ರಿ."

ಮಾವನವರು ಬೆತ್ತ ಎತ್ತಿ ಬಲಗಡೆಯ ಮಡ್‌ಗಾರ್ಡಿನತ್ತ ತೋರಿಸಿದರು. "ಮತ್ತ ಇದಕ್ಕ?"

"ಅದರ ಸ್ಕ್ರೂ ಬರಲಿಲ್ರಿ."

"ಅಂದ್ರ ಇದು ಉಪವಾಸ?"

"ಉಪವಾಸ ಇದ್ದದ್ದ ಗಟ್ಟಿಮುಟ್ಟಿ ಉಳದೈತ್ರಿ ಸಾಹೇಬ್ರ, ಉಂಡದ್ದ ಮಲಗೇತಿ!" ಎಂದರು ಹುಸೇನ್ ಮಿಸ್ತ್ರಿ. ಹೇಳಿ ತಾವೇ ಮಡ್‌ಗಾರ್ಡಿನ ಮೇಲೆ ಬಾಗಿ ನಗಲು ಹತ್ತಿದರು. ಸಾವಕಾರರ ಪಟಗ ಅಲುಗಾಡಿತು. ಮಾವನವರು ತಡೆದುಕೊಂಡರು, ತಡೆದುಕೊಂಡರು, ಕಡೆಗೆ ಅವರಿಗೂ ಆಗಲಿಲ್ಲ. "ಪುಣ್ಯಾ ಬಂತು, ಒಗ್ಗರಣಿ ಹಾಕಲಿಲ್ಲ ನನ ಸೊಸಿ!" ಎಂದು ಕುರ್ಚಿಯಲ್ಲಿ ಕೂತು ಕಣ್ಣು ಒರೆಸಿಕೊಂಡು ನಕ್ಕರು. ಅವರು ನಗುವುದನ್ನೂ ನಾನು ಅವತ್ತೇ ಮೊದಲು ನೋಡಿದ್ದು. ಅತ್ತೆ ಮಾತ್ರ, "ನಗೂದೇನೈತಿ? ಭಕ್ತೀಲೆ ಮಾಡ್ಯಾಳ ಕೂಸು," ಎಂದು ನನ್ನ ಪರವಾಗಿ ನಿಂತರು.

"ತಂಗೀ, ಹಾಕಾವ್ರಿಗೆ ತಗ್ಯೂದೂ ಗೊತ್ತಿರ್ತೈತಿ. ಈ ಅಂಟು ಹೆಂಗ ಬಿಡಸೂದವಾ?" ಎಂದು ಮಿಸ್ತ್ರಿ ನನ್ನನ್ನೇ ಕೇಳಿದರು. ಅದು ನನಗೆ ಗೊತ್ತಿದ್ದ ವಿದ್ಯೆ. ಕುದಿಯುವ ನೀರಿಗೆ ಅರಿವೆ ಒಗೆಯುವ ಸೋಡಾ ಹಾಕಿ ತಂದುಕೊಟ್ಟೆ. ಹೋಲ್ಡರನ್ನು ಬಿಚ್ಚಿ ಅದರಲ್ಲಿ ಅದ್ದಿ ಇಟ್ಟರು. ಸ್ವಲ್ಪ ಹೊತ್ತಿಗೆ ಅಂಟು ಕಂದು ನೊರೆಯಾಗಿ ತೇಲಿತು. ಹಿತ್ತಾಳೆ ಹೊಸ ತಂಬಿಗೆಯ ಹಾಗೆ ಹೊಳೆಯಿತು. ಒಳಗಿನ ಸ್ಪ್ರಿಂಗು ಒತ್ತಿದರೆ ಪುಟಿಯಿತು. ಬಿಸಿಲಿಗೆ ಒಣಗಿಸಿ ಕೂಡಿಸಿ, "ಹಾಕ್ರಿ ಮಾಸ್ತರ್ರ," ಎಂದರು.

ಟಿಕ್ ಟಿಕ್ ಟಿಕ್ ಟಿಕ್. ಎಡಗಡೆಯ ದೀಪ ಕಿತ್ತಳೆ ಹಣ್ಣಿನ ತೊಳೆಯ ಹಾಗೆ ಮಿಟುಕಿತು.

"ಅಂದ್ರ ಗಾಡ್ಯಾಗ ದೋಷಾನ ಇಲ್ಲ!" ಎಂದರು ಸಾವಕಾರರು, ಕೈ ತಿಕ್ಕಿಕೊಳ್ಳುತ್ತ. "ಒಪ್ಪಿಗಿ ಐತ್ರಿ ವಕೀಲರ. ನಾ ಇವತ್ತ ಒಯ್ತೇನಿ."

ನೋಡಿ, ನನ್ನ ಬಾಯಿ ಮಾಡಿದ ಉಪಕಾರ! ಕೆಟ್ಟ ಗಾಡಿಯಾಗಿದ್ದರೆ ಅವರು ಬೇಡವೆಂದು ಬಿಟ್ಟು ಹೋಗುವ ಆಸೆಯಾದರೂ ಇತ್ತು. ನಾನೇ ಅದನ್ನು ಒಳ್ಳೆಯ ಗಾಡಿ ಮಾಡಿ ಕೊಟ್ಟಿದ್ದೆ. ಮಾವನವರ ನಗು ನಿಂತಿತು. ಕರೆಸಿದವರು ಅವರೇ. ಬೆತ್ತವನ್ನು ನೆಲಕ್ಕೆ ಊರಿ ಯೋಚನೆ ಮಾಡಿದರು. ಆಮೇಲೆ ಸಾವಕಾರರಿಗೂ ಅಲ್ಲ, ಮಗನಿಗೂ ಅಲ್ಲ, ನನಗೆ ಹೇಳಿದರು:

"ಬಾಯಿ ಬಿಟ್ಟೀಯಲ್ಲ ಯವ್ವಾ, ಪೂರಾ ಹೇಳು. ಗಾಡಿ ಕೊಡೂಣೋ, ಬ್ಯಾಡೋ?"

"ಬ್ಯಾಡ್ರಿ."

"ಯಾಕ ಬ್ಯಾಡ?"

ಬುತ್ತಿಗೆ ಬೇಕು ಎನ್ನಬಹುದಿತ್ತು. ಅತ್ತೆ ನನ್ನ ಬೆನ್ನ ಹಿಂದೆ, "ಬುತ್ತಿ ಅನ್ನ, ಬುತ್ತಿ ಅನ್ನ," ಎಂದು ಪಿಸುಗುಡುತ್ತಿದ್ದರು. ಆದರೆ ಬುತ್ತಿ ಬಸ್ಸಿನಲ್ಲೂ ಹೋಗುತ್ತದೆ, ದೀಪ ಕೆಟ್ಟಾಗಲೆಲ್ಲ ಹೋಗಿತ್ತು. ವಕೀಲರ ಮುಂದೆ ಆ ಸಾಕ್ಷಿ ನಿಲ್ಲುವಂತಿರಲಿಲ್ಲ. ಕಣ್ಣು ಮುಚ್ಚಿಕೊಂಡು ನಿಜವನ್ನೇ ಹೇಳಿದೆ.

"ದಾರ್ಯಾಗ ನಾವಿಬ್ರೂ ಮಾತಾಡ್ತೇವ್ರಿ."

ಕಣ್ಣು ತೆರೆದಾಗ ನಿಮ್ಮ ಅಜ್ಜ ಬಾನೆಟ್ಟಿನೊಳಗೆ ಪೂರ್ತಿ ಬಾಗಿ ಏನನ್ನೋ ಬಿಗಿ ಮಾಡುತ್ತಿದ್ದರು. ಕಾಣುತ್ತಿದ್ದದ್ದು ಎರಡು ಕಿವಿ ಮಾತ್ರ, ಎರಡೂ ದಾಸವಾಳದಷ್ಟು ಕೆಂಪು. ಹುಸೇನ್ ಮಿಸ್ತ್ರಿ ಆಕಾಶ ನೋಡಿದರು. ಮಾವನವರು ಮಗನ ಕಿವಿಗಳನ್ನು ನೋಡಿದರು, ತಮ್ಮ ಮನೆಯನ್ನು ಒಮ್ಮೆ ನೋಡಿದರು, ಅದು ಎಷ್ಟು ಸಣ್ಣದೆಂದು ಆಗಷ್ಟೇ ಕಂಡವರ ಹಾಗೆ. ಆಮೇಲೆ ಗಂಟಲು ಸರಿಮಾಡಿಕೊಂಡರು.

"ಸಾವಕಾರ್ರ, ಒಳಗ ಬರ್ರಿ, ಊಟಾ ಮಾಡ್ಕೊಂಡ ಹೋಗೀರಂತ. ಗಾಡಿ ಕೊಡಾಕ ಇಲ್ರಿ."

ಸಾವಕಾರರು ಗಟ್ಟಿ ಮನುಷ್ಯರು. ನಕ್ಕು ಪಟಗ ತೆಗೆದು, "ಕುಸುಬಿ ಎಣ್ಣ್ಯಾಗ ಮಾಡಿದ ಬದನಿಕಾಯಿ ಇದ್ರ ಉಣತೇನ್ರಿ," ಎಂದು ಒಳಗೆ ಬಂದರು. ಮಿಸ್ತ್ರಿಯವರಿಗೂ ಅವತ್ತು ನಮ್ಮಲ್ಲೇ ಊಟ.

ಮರುದಿನ ರವಿವಾರ. ಬಲ, ಎಡ, ಎರಡೂ ದೀಪ ಪಾಸಾದವು. ವಿದ್ಯಾನಗರ ದಾಟಿ ನಾನು ಮುಂದಿನ ಸೀಟಿಗೆ ಬಂದೆ. ಬಂದು ಕೂತರೆ ಇಬ್ಬರಿಗೂ ಮಾತೇ ಇಲ್ಲ! ದಾರಿಯಲ್ಲಿ ಮಾತಾಡುತ್ತೇವೆ ಎಂದು ಊರ ಮುಂದೆ ಸಾರಿದ ಮೇಲೆ ಎಲ್ಲಿಯ ಮಾತು? ನವಲೂರಿನ ಪೇರಲ ತೋಟಗಳು ಬಂದವು, ಹೋದವು. ಕಡೆಗೆ ತಡೆಯಲಾರದೆ ನಾನೇ ಕೇಳಿದೆ: "ಅದು ತಾನ ಹತ್ತಿ ತಾನ ಆರೂದು ಹೆಂಗ್ರಿ?"

ವಿಜ್ಞಾನದ ಮಾಸ್ತರರಿಗೆ ಅಷ್ಟು ಸಾಕಾಯಿತು. ಡಬ್ಬಿಯೊಳಗೆ ಒಂದು ತೆಳುವಾದ ಪಟ್ಟಿ ಇರುತ್ತದೆ, ಕರೆಂಟು ಹರಿದರೆ ಅದಕ್ಕೆ ಬಿಸಿಯಾಗುತ್ತದೆ, ಬಿಸಿಯಾಗಿ ಬಾಗಿ ದೂರ ಸರಿಯುತ್ತದೆ, ಆಗ ದೀಪ ಆರುತ್ತದೆ. ದೂರ ಸರಿದದ್ದು ತಣ್ಣಗಾಗಿ ಮತ್ತೆ ಬಂದು ಮುಟ್ಟುತ್ತದೆ, ಆಗ ಹತ್ತುತ್ತದೆ ಎಂದರು. ಒಂದು ಕೈಯನ್ನೇ ಪಟ್ಟಿ ಮಾಡಿ ತೋರಿಸಿದರು. ನನಗೆ ಸಂಶಯ ಬಂತು, ಕೇಳಿದೆ. ಅವರಿಗೆ ಉತ್ತರ ಬಂತು, ಹೇಳಿದರು. ಅಲ್ಲಿಂದ ಬಾವಿಯ ಗಾಲಿ, ಗಾಲಿಯಿಂದ ನಮ್ಮೂರು, ನಮ್ಮೂರಿಂದ ಅವರ ಹಾರ್ಮೋನಿಯಂ. ಹಾಸ್ಟೆಲಿಗೆ ಹೊರಳಬೇಕೆಂದು ಎಡಗಡೆಯ ದೀಪ ಹಾಕಿದ್ದರು, ಹೊರಳುವುದನ್ನು ಮರೆತರು. ಟಿಕ್ ಟಿಕ್ ಎನ್ನುತ್ತ ಗಾಡಿ ನೆಟ್ಟಗೆ ಧಾರವಾಡವನ್ನೇ ದಾಟಿತು. ಸೈಕಲ್ಲಿನವನೊಬ್ಬ, "ಎಡಕ್ಕ ಹೋಗಾವರೋ, ಸುಮ್ನ ಚಾಷ್ಟಿ ಮಾಡಾವರೋ?" ಎಂದು ಕೂಗಿದ. ಕೆಲಗೇರಿ ಕೆರೆಯ ನೀರು ಕಂಡಾಗ ನಮಗೆ ಬುತ್ತಿಯ ನೆನಪಾಯಿತು. ಚಂದ್ರು ಮಧ್ಯಾಹ್ನ ಎರಡೂವರೆಗೆ ಊಟ ಮಾಡಿ, ಮೊಸರು ಹುಳಿಯಾಗಿದೆ ಎಂದು ಮುಖ ಮಾಡಿದ.

ಊಟದ ಹೊತ್ತಿಗೆ ಮನೆಗೆ ಬರಬೇಕಾದವರು ಸಂಜೆ ಐದಕ್ಕೆ ಬಂದೆವು. ಮಾವನವರು ಗೇಟಿನ ಬಳಿಯೇ ಬೆತ್ತ ಹಿಡಿದು ನಿಂತಿದ್ದರು. ಇವರು ಇಂಜಿನು ಆರಿಸಿ ತಲೆ ಕೆಳಗೆ ಹಾಕಿದರು. ಮಾವನವರು ಅವರನ್ನು ಏನೂ ಕೇಳಲಿಲ್ಲ. ಸುತ್ತಿ ಬಂದು ನನ್ನ ಕಡೆಯ ಬಾಗಿಲು ತಾವೇ ತೆರೆದು ಹಿಡಿದರು.

"ಯಾಕವಾ ತಡಾ? ದೀಪಾ ಮತ್ತ ಕೈ ಕೊಡ್ತೇನು?"

"ಇಲ್ರಿ. ಮಾತು ಮುಗೀಲಿಲ್ರಿ."

ಅವರು ಗಡಿಗೆಯನ್ನು ನನ್ನ ಕೈಯಿಂದ ಇಸಿದುಕೊಂಡರು. "ಹಂಗಾರ ಮುಂದಿನ ರವಿವಾರ ಒಂದ್ ತಾಸು ಲಗೂ ಹೊಂಡ್ರಿ," ಎಂದು ಹೇಳಿ ಒಳಗೆ ನಡೆದರು.